ಟ್ರೇಲರ್‌ನ ನೀರಿನ ಪೈಪಿಗೆ ಕಾರಿನ ಕೂಲಂಟ್ ಹಾಕಬಹುದೇ? ಚಳಿಗಾಲದ ಸಲಹೆಗಳಲ್ಲಿ ಯಾವುದು ನಿಜ, ಯಾವುದು ಅಪಾಯ?

ಅಮೆರಿಕ ಮತ್ತು ಕೆನಡಾದ ಬಹಳಷ್ಟು ಕಡೆ ಅಕ್ಟೋಬರ್ ಮುಗಿಯುವ ಹೊತ್ತಿಗೆ ರಾತ್ರಿಯ ತಾಪಮಾನ ಸೊನ್ನೆಗಿಂತ ಕೆಳಗೆ ಇಳಿಯತೊಡಗುತ್ತದೆ. ಕಾರಿನ ಹಿಂದೆ ಕಟ್ಟಿಕೊಂಡು ಊರೂರು ಸುತ್ತುವ ಟ್ರಾವೆಲ್ ಟ್ರೇಲರ್ ಇಟ್ಟುಕೊಂಡವರಿಗೆ ಆಗ ಒಂದು ಕೆಲಸ ಎದುರಾಗುತ್ತದೆ. ಟ್ರೇಲರ್ ಒಳಗಿನ ನೀರಿನ ಪೈಪುಗಳನ್ನು ಚಳಿಗಾಲಕ್ಕೆ ಸಿದ್ಧಪಡಿಸಬೇಕು. ಅಲ್ಲಿ ಇದನ್ನು ‘ವಿಂಟರೈಸಿಂಗ್’ ಎಂದು ಕರೆಯುತ್ತಾರೆ. ಇದಕ್ಕೆ ಸಂಬಂಧಿಸಿದ ಹಲವು ಸಲಹೆಗಳು ಬಾಯಿಂದ ಬಾಯಿಗೆ, ಫೋನಿನಿಂದ ಫೋನಿಗೆ ಓಡಾಡುತ್ತಲೇ ಇರುತ್ತವೆ.

“ಟ್ಯಾಂಕಿಗೆ ಉಪ್ಪು ಸುರಿದುಬಿಡಿ, ನೀರು ಹೆಪ್ಪುಗಟ್ಟಲ್ಲ.”
“ನಲ್ಲಿ ಸಣ್ಣಗೆ ಬಿಟ್ಟಿರಿ, ಹರಿಯೋ ನೀರು ಹೆಪ್ಪುಗಟ್ಟಲ್ಲ.”
“ಒಂದು ಬಾಟಲಿ ವೋಡ್ಕಾ ಸಾಕು.”
“ಕಾರಿಗೆ ಹಾಕೋ ಕೂಲಂಟ್ ಮಿಕ್ಕಿದ್ರೆ ಅದನ್ನೇ ಹಾಕಿ, ಅದೂ ಆ್ಯಂಟಿಫ್ರೀಜೇ ಅಲ್ವಾ?”
“ಗುಲಾಬಿ ಬಣ್ಣದ್ದು ಯಾವುದಾದ್ರೂ ನಡೆಯುತ್ತೆ.”

ಇವುಗಳಲ್ಲಿ ಕೆಲವು ಅರ್ಧ ನಿಜ, ಕೆಲವು ಪೂರ್ತಿ ದಂಡ. ಕೊನೆಯ ಎರಡು ಮಾತ್ರ ಪ್ರಾಣಕ್ಕೇ ಕುತ್ತು ತರುವಂಥವು. ಕರ್ನಾಟಕದಲ್ಲಿ ಕುಳಿತು ಓದುವವರಿಗೆ ಇದು ದೂರದ ವಿಷಯ ಅನ್ನಿಸಬಹುದು. ಆದರೆ ಮಕ್ಕಳು ಆ ದೇಶಗಳಲ್ಲಿ ಇದ್ದರೆ, ನೀವು ನಾಲ್ಕಾರು ತಿಂಗಳು ಅಲ್ಲಿಗೆ ಹೋಗಿ ಬರುವವರಾಗಿದ್ದರೆ, ಇದನ್ನು ತಿಳಿದಿರುವುದು ಒಳ್ಳೆಯದು. ಬನ್ನಿ, ಒಂದೊಂದಾಗಿ ನೋಡೋಣ.

ಚುಟುಕಾಗಿ ಉತ್ತರ

ಕಾರಿನ ಕೂಲಂಟನ್ನು ಕುಡಿಯುವ ನೀರಿನ ಪೈಪಿಗೆ ಯಾವ ಕಾರಣಕ್ಕೂ ಹಾಕಬಾರದು. ಅದರಲ್ಲಿ ಸಾಮಾನ್ಯವಾಗಿ ಇರುವುದು ಎಥಿಲೀನ್ ಗ್ಲೈಕಾಲ್ ಎಂಬ ವಿಷ. ಟ್ರೇಲರ್‌ನ ನೀರಿನ ಪೈಪಿಗೆಂದೇ ಬೇರೆ ಆ್ಯಂಟಿಫ್ರೀಜ್ ಸಿಗುತ್ತದೆ. ಎರಡೂ ಗುಲಾಬಿ ಬಣ್ಣದಲ್ಲಿ ಇರಬಹುದು. ಹಾಗಾಗಿ ಬಣ್ಣ ನೋಡಿ ನಂಬಬೇಡಿ, ಡಬ್ಬದ ಮೇಲಿನ ಹೆಸರು ಓದಿ.

ಟ್ರೇಲರ್‌ನಲ್ಲಿ ನೀರು ಎಲ್ಲೆಲ್ಲಿ ಇರುತ್ತದೆ?

ಟ್ರಾವೆಲ್ ಟ್ರೇಲರ್ ಎಂದರೆ ಚಕ್ರದ ಮೇಲಿನ ಪುಟ್ಟ ಮನೆ. ಮಲಗುವ ಜಾಗ, ಅಡುಗೆ ಒಲೆ, ಸಿಂಕ್, ಸ್ನಾನದ ಮೂಲೆ, ಕಮೋಡ್ ಎಲ್ಲವೂ ಇರುತ್ತವೆ. ನಮ್ಮ ಮನೆಯಲ್ಲಿ ಸಂಪು, ಪಂಪು, ಗೀಸರ್ ಇರುವ ಹಾಗೆ ಅದರಲ್ಲೂ ಒಂದು ಪೂರ್ತಿ ನೀರಿನ ವ್ಯವಸ್ಥೆ ಇದೆ. ಅಳತೆ ಮಾತ್ರ ಚಿಕ್ಕದು.

ಒಳ್ಳೆಯ ನೀರಿಗೆ ಒಂದು ಟ್ಯಾಂಕ್. ಅದರಿಂದ ನೀರೆತ್ತಲು ಬ್ಯಾಟರಿಯಲ್ಲಿ ಓಡುವ 12 ವೋಲ್ಟ್‌ನ ಪಂಪು. ಬಿಸಿನೀರಿಗೆ ಗ್ಯಾಸ್ ಅಥವಾ ಕರೆಂಟಿನ ಗೀಸರ್. ಸಾಮಾನ್ಯವಾಗಿ 6 ಇಲ್ಲವೇ 10 ಗ್ಯಾಲನ್, ಅಂದರೆ ಸುಮಾರು 23 ಅಥವಾ 38 ಲೀಟರ್. ಸಿಂಕ್ ಮತ್ತು ಸ್ನಾನದ ಕೊಳೆನೀರಿಗೆ ಒಂದು ಟ್ಯಾಂಕ್, ಕಮೋಡ್‌ನದಕ್ಕೆ ಇನ್ನೊಂದು. ಇವೆಲ್ಲವನ್ನೂ ಜೋಡಿಸುವ ಬೆರಳು ಗಾತ್ರದ ಪ್ಲಾಸ್ಟಿಕ್ ಪೈಪುಗಳು ಗೋಡೆಯ ಹಿಂದೆ, ನೆಲದ ಕೆಳಗೆ ಹಾದುಹೋಗುತ್ತವೆ.

ಮನೆಯ ಗೋಡೆ ದಪ್ಪ, ಒಳಗೆ ಹೀಟರ್ ಓಡುತ್ತಿರುತ್ತದೆ. ಟ್ರೇಲರ್‌ನ ಗೋಡೆ ತೆಳು. ಚಳಿಗಾಲದ ಮೂರ್ನಾಲ್ಕು ತಿಂಗಳು ಅದು ಅಂಗಳದಲ್ಲೋ ಬಾಡಿಗೆಯ ಜಾಗದಲ್ಲೋ ಬೀಗ ಹಾಕಿಕೊಂಡು ನಿಂತಿರುತ್ತದೆ. ಒಳಗೂ ಹೊರಗಿನಷ್ಟೇ ಚಳಿ. ಪೈಪಿನಲ್ಲಿ ಉಳಿದ ನೀರು ಹೆಪ್ಪುಗಟ್ಟದೇ ಇರಲು ಕಾರಣವೇ ಇಲ್ಲ.

ನೀರು ಹೆಪ್ಪುಗಟ್ಟಿದರೆ ಪೈಪು ಏಕೆ ಒಡೆಯುತ್ತದೆ?

ಫ್ರೀಜರ್‌ನಲ್ಲಿ ನೀರಿನ ಗಾಜಿನ ಬಾಟಲಿ ಇಟ್ಟು ಮರೆತವರಿಗೆ ಇದರ ಉತ್ತರ ಗೊತ್ತು. ಹೆಚ್ಚಿನ ವಸ್ತುಗಳು ತಣ್ಣಗಾದಷ್ಟೂ ಕುಗ್ಗುತ್ತವೆ. ನೀರು ಸುಮಾರು 4 ಡಿಗ್ರಿ ಸೆಲ್ಸಿಯಸ್‌ವರೆಗೆ ಕುಗ್ಗಿ, ಆಮೇಲೆ ಹಿಗ್ಗತೊಡಗುತ್ತದೆ. ಮಂಜುಗಡ್ಡೆಯಾಗುವಾಗ ಅದರ ಅಣುಗಳು ಆರು ಮೂಲೆಯ ಜಾಲರಿಯಂತೆ ಜೋಡಿಸಿಕೊಳ್ಳುತ್ತವೆ, ನಡುವೆ ಖಾಲಿ ಜಾಗ ಉಳಿಯುತ್ತದೆ. ಹೀಗಾಗಿ ಗಾತ್ರ ಸುಮಾರು ಶೇ 9ರಷ್ಟು ಹೆಚ್ಚುತ್ತದೆ. ಮಂಜುಗಡ್ಡೆ ಲೋಟದ ನೀರಿನ ಮೇಲೆ ತೇಲುವುದೂ ಇದೇ ಕಾರಣಕ್ಕೆ.

ಇಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲದ ಒಂದು ಸಂಗತಿ ಇದೆ. ಪೈಪು ಎಷ್ಟೋ ಸಲ ಮಂಜುಗಡ್ಡೆ ಕಟ್ಟಿದ ಜಾಗದಲ್ಲಿ ಒಡೆಯುವುದಿಲ್ಲ. ಪೈಪಿನ ನಡುವೆ ಎಲ್ಲೋ ಮಂಜಿನ ಬಿರಡೆ ಕೂರುತ್ತದೆ. ಅದು ಬೆಳೆಯುತ್ತಾ ಮುಂದಿರುವ ನೀರನ್ನು ಮುಚ್ಚಿದ ನಲ್ಲಿಯ ಕಡೆಗೆ ತಳ್ಳುತ್ತದೆ. ಆ ನೀರಿಗೆ ಹೋಗಲು ದಾರಿ ಇಲ್ಲ, ಒತ್ತಡ ಏರುತ್ತಲೇ ಹೋಗುತ್ತದೆ. ಕೊನೆಗೆ ಇಡೀ ಸಾಲಿನಲ್ಲಿ ಯಾವುದು ದುರ್ಬಲವೋ ಅದು ಒಡೆಯುತ್ತದೆ.

ಟ್ರೇಲರ್‌ಗಳಲ್ಲಿ ಬಳಸುವ ಪೆಕ್ಸ್ ಎಂಬ ಪ್ಲಾಸ್ಟಿಕ್ ಪೈಪು ತುಸು ಹಿಗ್ಗಿಕೊಂಡು ತಾಳಿಕೊಳ್ಳಬಹುದು. ಆದರೆ ಪೈಪು ಕೂಡುವ ಜಾಯಿಂಟು, ಪಂಪಿನ ತಲೆ, ಫಿಲ್ಟರಿನ ಕಪ್ಪು, ಕಮೋಡ್‌ನ ವಾಲ್ವ್, ಗೀಸರ್‌ನ ಟ್ಯಾಂಕ್ ತಾಳುವುದಿಲ್ಲ. ಒಡೆದದ್ದು ಆಗಲೇ ಗೊತ್ತಾಗುವುದೂ ಇಲ್ಲ, ಏಕೆಂದರೆ ಒಡೆದ ಜಾಗದಲ್ಲಿ ಮಂಜುಗಡ್ಡೆಯೇ ಬಿರಡೆಯಾಗಿ ಕೂತಿರುತ್ತದೆ. ಏಪ್ರಿಲ್‌ನಲ್ಲಿ ಪಂಪು ಹಾಕಿದಾಗ ಗೋಡೆಯ ಹಿಂದಿನಿಂದ ನೀರು ಜಿನುಗುತ್ತದೆ. ಪ್ಲೈವುಡ್ ಉಬ್ಬುತ್ತದೆ, ಬೂಸ್ಟು ಹಿಡಿಯುತ್ತದೆ.

ಎಷ್ಟು ಚಳಿಯಾದರೆ ಅಪಾಯ?

ನೀರು 0 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೆಪ್ಪುಗಟ್ಟುತ್ತದೆ. ಆದರೆ ಒಂದು ರಾತ್ರಿ ಒಂದೆರಡು ಗಂಟೆ ಸೊನ್ನೆ ಮುಟ್ಟಿದ ಕೂಡಲೇ ಪೈಪು ಒಡೆಯಬೇಕೆಂದೇನೂ ಇಲ್ಲ. ಮನೆಗಳ ಪೈಪಿನ ಬಗ್ಗೆ ಇಲಿನಾಯ್ ವಿಶ್ವವಿದ್ಯಾಲಯದ ಸಂಶೋಧಕರು ನಡೆಸಿದ ಅಧ್ಯಯನದಿಂದ 20 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು ಮೈನಸ್ 7 ಡಿಗ್ರಿ ಸೆಲ್ಸಿಯಸ್ ಎಂಬ ಎಚ್ಚರಿಕೆಯ ಮಟ್ಟ ಬಳಕೆಗೆ ಬಂದಿದೆ. ಇದು ಬಿಸಿ ಮಾಡುವ ಮನೆಗಳ ಲೆಕ್ಕ. ಗಾಳಿಗೆ ಮೈಯೊಡ್ಡಿ ನಿಂತ ಟ್ರೇಲರ್‌ಗೆ ಅಷ್ಟು ಚಳಿ ಬರುವವರೆಗೆ ಕಾಯುವುದು ಬೇಡ. ಮುನ್ಸೂಚನೆಯಲ್ಲಿ ಸೊನ್ನೆಗಿಂತ ಕೆಳಗಿನ ರಾತ್ರಿಗಳು ಕಾಣಿಸಿಕೊಂಡ ಕೂಡಲೇ ಕೆಲಸ ಮುಗಿಸುವುದು ಲೇಸು.

“ನಾವಿರುವುದು ಟೆಕ್ಸಾಸ್‌ನಲ್ಲಿ, ನಮಗೇನು?” ಎನ್ನುವವರೂ ಇದ್ದಾರೆ. 2021ರ ಫೆಬ್ರುವರಿಯಲ್ಲಿ ಟೆಕ್ಸಾಸ್‌ಗೆ ಅಪ್ಪಳಿಸಿದ ಚಳಿಯಲ್ಲಿ ಲಕ್ಷಾಂತರ ಮನೆಗಳಿಗೆ ಕರೆಂಟ್ ಹೋಯಿತು, ರಾಜ್ಯದ ಉದ್ದಗಲಕ್ಕೂ ನೀರಿನ ಪೈಪುಗಳು ಒಡೆದವು. ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್‌ಗಳಲ್ಲಿ ಇರುವ ಕನ್ನಡ ಕುಟುಂಬಗಳಿಗೆ ಆ ವಾರ ನೆನಪಿರಬಹುದು. ದಕ್ಷಿಣದ ರಾಜ್ಯ ಎಂಬುದೊಂದೇ ರಕ್ಷಣೆಯಲ್ಲ.

ಹೇಳಿಕೆ 1: ಟ್ಯಾಂಕಿಗೆ ಉಪ್ಪು ಹಾಕಿದರೆ ಸಾಕು

ಉಪ್ಪುನೀರು ಸೊನ್ನೆಗಿಂತ ಕೆಳಗೆ ಹೆಪ್ಪುಗಟ್ಟುವುದು ನಿಜ. ಎಷ್ಟು ಉಪ್ಪು ಎಂಬುದು ಪ್ರಶ್ನೆ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿದೆ, ಆದರೂ ಅದು ಮೈನಸ್ 2 ಡಿಗ್ರಿ ಆಸುಪಾಸಿನಲ್ಲಿ ಹೆಪ್ಪುಗಟ್ಟುತ್ತದೆ. ಅಡುಗೆ ಉಪ್ಪಿನಿಂದ ಸಿಗುವ ಗರಿಷ್ಠ ರಕ್ಷಣೆ ಮೈನಸ್ 21 ಡಿಗ್ರಿ. ಅದಕ್ಕೆ ಪ್ರತಿ ಲೀಟರ್ ನೀರಿಗೆ ಸುಮಾರು 300 ಗ್ರಾಂ ಉಪ್ಪು ಬೇಕು. 100 ಲೀಟರಿನ ಟ್ಯಾಂಕಿಗೆ 30 ಕಿಲೋ! ಮಿನ್ನೆಸೋಟಾ, ಮ್ಯಾನಿಟೋಬಾ ಕಡೆ ಚಳಿ ಅದಕ್ಕಿಂತಲೂ ಕೆಳಗೆ ಹೋಗುತ್ತದೆ.

ಜೊತೆಗೆ ಉಪ್ಪುನೀರು ಗೀಸರ್‌ನ ಟ್ಯಾಂಕು, ಪಂಪು ಮತ್ತು ನಲ್ಲಿಗಳ ಲೋಹವನ್ನು ತಿನ್ನುತ್ತದೆ. ಪೈಪು ಉಳಿಸಲು ಹೋಗಿ ಉಳಿದದ್ದೆಲ್ಲ ಕೆಡಿಸಿಕೊಂಡಂತೆ. ಈ ಸಲಹೆ ದಂಡ.

ಹೇಳಿಕೆ 2: ಹರಿಯುವ ನೀರು ಹೆಪ್ಪುಗಟ್ಟುವುದಿಲ್ಲ

ಇದು ಅರ್ಧ ನಿಜ. ವಾಸವಿರುವ ಮನೆಯಲ್ಲಿ, ಚಳಿ ಹೆಚ್ಚಾದ ರಾತ್ರಿ ನಲ್ಲಿಯನ್ನು ಸಣ್ಣಗೆ ಹನಿಯಲು ಬಿಡುವುದು ಅಲ್ಲಿನ ರೂಢಿ. ನಲ್ಲಿ ತುಸು ತೆರೆದಿದ್ದರೆ ಒತ್ತಡ ಕಟ್ಟಿಕೊಳ್ಳುವುದಿಲ್ಲ. ನೆಲದಡಿಯಿಂದ ಬರುವ ನೀರು ಹೊರಗಿನ ಗಾಳಿಗಿಂತ ಬೆಚ್ಚಗೂ ಇರುತ್ತದೆ.

ನಿಂತ ಟ್ರೇಲರ್‌ಗೆ ಈ ಅನುಕೂಲ ಇಲ್ಲ. ಅದರ ಟ್ಯಾಂಕಿನ ನೀರು ಒಂದೆರಡು ದಿನಕ್ಕೆ ಮುಗಿಯುತ್ತದೆ. ಹೊರಗಿನ ನಲ್ಲಿಯಿಂದ ಎಳೆದ ಪೈಪು ನೆಲದ ಮೇಲೇ ಇರುತ್ತದೆ, ಮೊದಲು ಹೆಪ್ಪುಗಟ್ಟುವುದೇ ಅದು. ಹನಿದ ನೀರೆಲ್ಲ ಕೊಳೆನೀರಿನ ಟ್ಯಾಂಕಿನಲ್ಲಿ ತುಂಬಿ ಅಲ್ಲಿ ಗಟ್ಟಿಯಾಗುತ್ತದೆ. ಹರಿಯುವ ನದಿಗಳೇ ಹೆಪ್ಪುಗಟ್ಟುವ ಊರುಗಳಲ್ಲಿ ಹನಿಯುವ ನಲ್ಲಿಯನ್ನು ನಂಬಿ ಕೂರಬಾರದು.

ಹೇಳಿಕೆ 3: ವೋಡ್ಕಾ ಸುರಿದರೆ ಸಾಕು

ಶೇ 40ರಷ್ಟು ಮದ್ಯಸಾರವಿರುವ ವೋಡ್ಕಾ ಸುಮಾರು ಮೈನಸ್ 27 ಡಿಗ್ರಿವರೆಗೆ ಹೆಪ್ಪುಗಟ್ಟುವುದಿಲ್ಲ. ಹೀಗಾಗಿ ಈ ಸಲಹೆಗೆ ಒಂದು ಆಧಾರವಿದೆ. ಆದರೆ ಪೈಪಿನಲ್ಲಿ ಉಳಿದ ನೀರು ಅಷ್ಟೇ ಪ್ರಮಾಣದಲ್ಲಿ ಬೆರೆತರೆ ಆ ರಕ್ಷಣೆ ಮೈನಸ್ 10 ಮುಟ್ಟುವ ಮೊದಲೇ ಮುಗಿದುಹೋಗುತ್ತದೆ. ಮದ್ಯಸಾರ ಹೊತ್ತಿಕೊಳ್ಳುವ ವಸ್ತು ಎಂಬುದನ್ನೂ ಮರೆಯಬಾರದು. ಇಡೀ ವ್ಯವಸ್ಥೆಗೆ ಒಂದು ಬಾಟಲಿ ಎಲ್ಲಿಗೂ ಸಾಲದು. ಸರಿಯಾದ ಆ್ಯಂಟಿಫ್ರೀಜ್ ಇದಕ್ಕಿಂತ ಎಷ್ಟೋ ಅಗ್ಗಕ್ಕೆ ಸಿಗುತ್ತದೆ.

ಹೇಳಿಕೆ 4: ಕಾರಿನ ಕೂಲಂಟ್ ಕೂಡ ಆ್ಯಂಟಿಫ್ರೀಜ್ ತಾನೇ?

ಎಲ್ಲಕ್ಕಿಂತ ಅಪಾಯಕಾರಿ ಸಲಹೆ ಇದು. ಕಾರಣ, ಇದು ಕೆಲಸ ಮಾಡುತ್ತದೆ. ಎಥಿಲೀನ್ ಗ್ಲೈಕಾಲ್ ಮತ್ತು ನೀರನ್ನು ಸಮಪಾಲು ಬೆರೆಸಿದರೆ ಆ ಮಿಶ್ರಣ ಸುಮಾರು ಮೈನಸ್ 37 ಡಿಗ್ರಿವರೆಗೆ ಹೆಪ್ಪುಗಟ್ಟುವುದಿಲ್ಲ. ಪೈಪು ಒಡೆಯುವುದಿಲ್ಲ. ಹಾಗಾಗಿ ಹಾಕಿದವರು “ನನಗೇನೂ ತೊಂದರೆ ಆಗಿಲ್ಲ” ಎಂದು ಇನ್ನೊಬ್ಬರಿಗೂ ಹೇಳುತ್ತಾರೆ.

ತೊಂದರೆ ಇರುವುದು ಪೈಪಿಗಲ್ಲ, ಆ ನಲ್ಲಿಯ ನೀರು ಕುಡಿಯುವವರಿಗೆ. ಎಥಿಲೀನ್ ಗ್ಲೈಕಾಲ್‌ಗೆ ವಾಸನೆ ಅಷ್ಟಾಗಿ ಇಲ್ಲ, ರುಚಿ ಸಿಹಿ. ದೇಹದೊಳಗೆ ಹೋದ ಮೇಲೆ ಯಕೃತ್ತು ಅದನ್ನು ಒಡೆಯುತ್ತದೆ. ನಿಜವಾದ ವಿಷ ಹುಟ್ಟುವುದು ಆಗ. ಮೊದಲು ಗ್ಲೈಕಾಲಿಕ್ ಆಮ್ಲ ಉಂಟಾಗಿ ರಕ್ತ ಆಮ್ಲೀಯವಾಗುತ್ತದೆ. ಕೊನೆಗೆ ಆಕ್ಸಾಲಿಕ್ ಆಮ್ಲ ಉಂಟಾಗಿ, ರಕ್ತದಲ್ಲಿರುವ ಕ್ಯಾಲ್ಸಿಯಂ ಜೊತೆ ಸೇರಿ ಮೂತ್ರಪಿಂಡದಲ್ಲಿ ಹರಳುಗಟ್ಟುತ್ತದೆ. ಮೂತ್ರಪಿಂಡಗಳು ಕೆಲಸ ನಿಲ್ಲಿಸಬಹುದು.

ಲಕ್ಷಣಗಳೂ ಮೋಸ ಮಾಡುತ್ತವೆ. ಮೊದಲ ಕೆಲವು ಗಂಟೆ ಕುಡಿದವರಂತೆ ತೂರಾಡುವುದು, ವಾಂತಿ, ಮಂಪರು. ನಂತರ ತುಸು ಸುಧಾರಿಸಿದಂತೆ ಕಾಣಬಹುದು. ಆಮೇಲೆ ಉಸಿರಾಟ ಮತ್ತು ಹೃದಯದ ತೊಂದರೆ, ಒಂದರಿಂದ ಮೂರು ದಿನಗಳೊಳಗೆ ಮೂತ್ರಪಿಂಡದ ತೊಂದರೆ. ಶುದ್ಧ ಎಥಿಲೀನ್ ಗ್ಲೈಕಾಲ್ ಸುಮಾರು 100 ಮಿಲಿಲೀಟರ್, ಅಂದರೆ ಅರ್ಧ ಲೋಟ, ವಯಸ್ಕರೊಬ್ಬರ ಪ್ರಾಣ ತೆಗೆಯಲು ಸಾಕು ಎಂಬುದು ವಿಷವಿಜ್ಞಾನದಲ್ಲಿ ಸಾಮಾನ್ಯವಾಗಿ ಹೇಳುವ ಲೆಕ್ಕ. ಚಿಕ್ಕ ಮಕ್ಕಳಿಗೆ ಒಂದೆರಡು ಗುಟುಕೇ ಅಪಾಯ. ಸಿಹಿಗೆ ಮನಸೋತು ನಾಯಿ, ಬೆಕ್ಕುಗಳೂ ಇದನ್ನು ನೆಕ್ಕಿ ಸಾಯುತ್ತವೆ.

“ಆಮೇಲೆ ಚೆನ್ನಾಗಿ ತೊಳೆದರಾಯಿತು” ಎಂಬ ವಾದವೂ ಇದೆ. ಗೋಡೆಯ ಹಿಂದಿನ ತಿರುವುಗಳಲ್ಲಿ, ಗೀಸರ್‌ನ ತಳದಲ್ಲಿ, ಟ್ಯಾಂಕಿನ ಮೂಲೆಯಲ್ಲಿ ಎಷ್ಟು ಉಳಿದಿದೆ ಎಂದು ಕಣ್ಣಿನಿಂದ ನೋಡಿ ಹೇಳಲಾಗುವುದಿಲ್ಲ. ಕುಡಿಯುವ ನೀರಿನ ವಿಷಯದಲ್ಲಿ ಅಂಥ ಅಂದಾಜಿಗೆ ಜಾಗ ಇಲ್ಲ.

ಹಾಗಾದರೆ ಟ್ರೇಲರ್‌ಗೆಂದೇ ಸಿಗುವ ಆ್ಯಂಟಿಫ್ರೀಜ್‌ನಲ್ಲಿ ಏನಿದೆ?

ಅದರಲ್ಲಿ ಹೆಚ್ಚಾಗಿ ಇರುವುದು ಪ್ರೊಪಿಲೀನ್ ಗ್ಲೈಕಾಲ್. ಹೆಸರು ಹತ್ತಿರ, ಗುಣ ದೂರ. ಇದನ್ನು ನಮ್ಮ ದೇಹ ಲ್ಯಾಕ್ಟಿಕ್ ಆಮ್ಲವಾಗಿ ಬದಲಿಸಿ ಬಳಸಿಕೊಳ್ಳಬಲ್ಲದು. ಮೂತ್ರಪಿಂಡದಲ್ಲಿ ಹರಳು ಕಟ್ಟುವ ಆಕ್ಸಾಲಿಕ್ ಆಮ್ಲ ಇದರಿಂದ ಹುಟ್ಟುವುದಿಲ್ಲ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ, ಅಂದರೆ ಎಫ್‌ಡಿಎ, ಇದನ್ನು ಮಿತ ಪ್ರಮಾಣದಲ್ಲಿ ಆಹಾರದಲ್ಲಿ ಬಳಸಲು ಒಪ್ಪಿದೆ. ಹಲವು ಔಷಧಗಳಲ್ಲೂ ಇದು ಇರುತ್ತದೆ.

ಹಾಗೆಂದು ಕುಡಿಯಬಹುದು ಎಂದಲ್ಲ. ಡಬ್ಬದಲ್ಲಿ ಬಣ್ಣ ಮತ್ತು ಬೇರೆ ಸೇರ್ಪಡೆಗಳೂ ಇರುತ್ತವೆ. ಬೆಕ್ಕುಗಳ ಕೆಂಪು ರಕ್ತಕಣಗಳಿಗೆ ಪ್ರೊಪಿಲೀನ್ ಗ್ಲೈಕಾಲ್ ಹಾನಿ ಮಾಡುತ್ತದೆ. ಬೆಕ್ಕಿನ ಆಹಾರದಲ್ಲಿ ಇದನ್ನು ಬಳಸುವುದಕ್ಕೆ ಎಫ್‌ಡಿಎ ಒಪ್ಪುವುದಿಲ್ಲ. ಟ್ರೇಲರ್‌ಗೆಂದು ಮಾರುವ ಕೆಲವು ಡಬ್ಬಗಳಲ್ಲಿ ಗ್ಲೈಕಾಲ್ ಬದಲು ಎಥನಾಲ್, ಅಂದರೆ ಮದ್ಯಸಾರ, ಇರುತ್ತದೆ. ಅದು ಅಗ್ಗ, ಆದರೆ ಬೆಂಕಿ ಹೊತ್ತಿಕೊಳ್ಳಬಲ್ಲದು, ರಬ್ಬರಿನ ವಾಷರ್‌ಗಳನ್ನು ಒಣಗಿಸಬಹುದು.

‘ಗ್ಲೈಕಾಲ್’ ಎಂಬ ಹೆಸರನ್ನು ಎಲ್ಲೋ ಕೇಳಿದಂತಿದೆಯೇ?

ಹೌದು, ನೀವು ಸುದ್ದಿಯಲ್ಲಿ ಕೇಳಿರಬಹುದು. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾ ಭಾಗದಲ್ಲಿ ಕೆಮ್ಮಿನ ಸಿರಪ್ ಕುಡಿದ 20ಕ್ಕೂ ಹೆಚ್ಚು ಮಕ್ಕಳು ಮೂತ್ರಪಿಂಡ ವೈಫಲ್ಯದಿಂದ ತೀರಿಕೊಂಡರು. ಆ ಸಿರಪ್‌ನಲ್ಲಿ ಶೇ 48.6ರಷ್ಟು ಡೈಎಥಿಲೀನ್ ಗ್ಲೈಕಾಲ್ ಇದ್ದದ್ದು ತಮಿಳುನಾಡಿನ ಔಷಧ ನಿಯಂತ್ರಣ ಅಧಿಕಾರಿಗಳ ಪರೀಕ್ಷೆಯಲ್ಲಿ ಗೊತ್ತಾಯಿತು. ಸಿರಪ್‌ನಲ್ಲಿ ಇರಬೇಕಾದದ್ದು ಔಷಧ ದರ್ಜೆಯ ಪ್ರೊಪಿಲೀನ್ ಗ್ಲೈಕಾಲ್. ಅಮೆರಿಕದಲ್ಲೂ 1937ರಲ್ಲಿ ಇದೇ ಡೈಎಥಿಲೀನ್ ಗ್ಲೈಕಾಲ್ ಬೆರೆಸಿದ ಔಷಧ ಕುಡಿದು 100ಕ್ಕೂ ಹೆಚ್ಚು ಜನ ಸತ್ತರು. ಮರುವರ್ಷ ಅಲ್ಲಿ ಬಿಗಿಯಾದ ಔಷಧ ಕಾಯ್ದೆ ಬರಲು ಆ ದುರಂತವೇ ಕಾರಣವಾಯಿತು.

ಎಥಿಲೀನ್, ಡೈಎಥಿಲೀನ್, ಪ್ರೊಪಿಲೀನ್. ಮೂರೂ ನೋಡಲು ಒಂದೇ ತರಹದ ಮಂದ, ಬಣ್ಣವಿಲ್ಲದ ದ್ರವಗಳು. ಮೊದಲೆರಡು ವಿಷ. ಹೆಸರಿನ ಮೊದಲ ಭಾಗವನ್ನು ಪೂರ್ತಿ ಓದಲೇಬೇಕು ಎನ್ನುವುದು ಇದಕ್ಕೇ.

ಹೇಳಿಕೆ 5: ಗುಲಾಬಿ ಬಣ್ಣದ್ದಾದರೆ ಸುರಕ್ಷಿತ

ಟ್ರೇಲರ್‌ನ ಆ್ಯಂಟಿಫ್ರೀಜ್ ಸಾಮಾನ್ಯವಾಗಿ ಗುಲಾಬಿ ಬಣ್ಣದ್ದು. ಹಿಂದೆ ಕಾರಿನ ಕೂಲಂಟ್ ಹೆಚ್ಚಾಗಿ ಹಸಿರು ಬಣ್ಣದಲ್ಲಿ ಇರುತ್ತಿದ್ದುದರಿಂದ ‘ಹಸಿರು ವಿಷ, ಗುಲಾಬಿ ಸುರಕ್ಷಿತ’ ಎಂಬ ನಂಬಿಕೆ ಬೆಳೆಯಿತು. ಈಗ ಕಾರಿನ ಕೂಲಂಟ್ ಹಸಿರು, ಕಿತ್ತಳೆ, ನೀಲಿ, ಕೆಂಪು, ಗುಲಾಬಿ ಹೀಗೆ ಎಲ್ಲ ಬಣ್ಣಗಳಲ್ಲೂ ಬರುತ್ತದೆ. ಬಣ್ಣ ಎಂದರೆ ತಯಾರಕರು ಬೆರೆಸಿದ ಡೈ, ಅಷ್ಟೇ. ಒಳಗೆ ಯಾವ ರಾಸಾಯನಿಕ ಇದೆ ಎಂಬುದಕ್ಕೆ ಅದು ಸಾಕ್ಷಿಯಲ್ಲ.

ಡಬ್ಬದ ಮೇಲೆ ಮೂರು ವಿಷಯ ನೋಡಿ. ಕುಡಿಯುವ ನೀರಿನ ವ್ಯವಸ್ಥೆಗೆ ಎಂದು ಬರೆದಿದೆಯೇ? ಒಳಗಿರುವುದು ಪ್ರೊಪಿಲೀನ್ ಗ್ಲೈಕಾಲ್ ಎಂದಿದೆಯೇ? ಎಷ್ಟು ಚಳಿಯವರೆಗೆ ರಕ್ಷಣೆ? ಲೇಬಲ್ ಕಿತ್ತುಹೋದ ಡಬ್ಬ, ಬೇರೆ ಬಾಟಲಿಗೆ ಸುರಿದಿಟ್ಟ ದ್ರವ ಬೇಡವೇ ಬೇಡ.

ರಕ್ಷಣೆಯ ಸಂಖ್ಯೆಯಲ್ಲೂ ಒಂದು ಗುಟ್ಟಿದೆ. ‘ಮೈನಸ್ 50’ ಎಂದು ಬರೆದಿದ್ದರೆ ಅದು ಫ್ಯಾರನ್‌ಹೀಟ್. ಸೆಲ್ಸಿಯಸ್‌ನಲ್ಲಿ ಸುಮಾರು ಮೈನಸ್ 46. ಅಷ್ಟು ಚಳಿಯವರೆಗೆ ಪೈಪು ಒಡೆಯುವುದಿಲ್ಲ ಎಂಬುದಷ್ಟೇ ಅದರ ಅರ್ಥ. ದ್ರವ ಅದಕ್ಕಿಂತ ಎಷ್ಟೋ ಮೊದಲೇ ಐಸ್‌ಗೋಲಾದಂತೆ ಮೆತ್ತಗೆ ಗಡ್ಡೆಕಟ್ಟಬಹುದು. ಹಾಗಾದರೆ ಗಾಬರಿ ಬೇಡ. ಆದರೆ ಉಳಿದ ನೀರು ಬೆರೆತಷ್ಟೂ ಈ ರಕ್ಷಣೆ ಇಳಿಯುತ್ತದೆ. ಅದಕ್ಕೇ ಮೊದಲು ನೀರು ಪೂರ್ತಿ ತೆಗೆಯಬೇಕು.

ಸರಿಯಾದ ಕ್ರಮ ಯಾವುದು?

ಟ್ರೇಲರ್‌ನ ಜೊತೆ ಬಂದ ಪುಸ್ತಕವೇ ಅಂತಿಮ. ಸಾಮಾನ್ಯ ಕ್ರಮ ಹೀಗಿದೆ.

1. ಗೀಸರ್ ಆರಿಸಿ. ಗ್ಯಾಸ್, ಕರೆಂಟ್ ಎರಡನ್ನೂ. ಪೂರ್ತಿ ತಣ್ಣಗಾಗಲು ಕೆಲವು ಗಂಟೆ ಬಿಡಿ. ಬಿಸಿ ಇರುವಾಗ, ಒತ್ತಡ ಇರುವಾಗ ತಳದ ಬಿರಡೆ ಬಿಚ್ಚಿದರೆ ಕುದಿನೀರು ಮುಖಕ್ಕೇ ಚಿಮ್ಮುತ್ತದೆ. ಮೊದಲು ಬಿಸಿನೀರಿನ ನಲ್ಲಿ ತೆರೆದು ಒತ್ತಡ ಇಳಿಸಿ, ಆಮೇಲೆ ಬಿರಡೆ ತೆಗೆಯಿರಿ. ಖಾಲಿ ಗೀಸರ್‌ಗೆ ಮತ್ತೆ ಕರೆಂಟ್ ಕೊಟ್ಟರೆ ಒಳಗಿನ ಕಾಯಿಲ್ ಸುಟ್ಟುಹೋಗುತ್ತದೆ ಎಂಬುದೂ ನೆನಪಿರಲಿ.

2. ಕೊಳೆನೀರಿನ ಎರಡೂ ಟ್ಯಾಂಕುಗಳನ್ನು ಅದಕ್ಕೆಂದೇ ಇರುವ ಡಂಪ್ ಸ್ಟೇಷನ್‌ನಲ್ಲಿ ಖಾಲಿ ಮಾಡಿ. ರಸ್ತೆ ಬದಿ ಬಿಡುವುದು ಅಲ್ಲಿ ಅಪರಾಧ.

3. ಒಳ್ಳೆಯ ನೀರಿನ ಟ್ಯಾಂಕ್ ಬರಿದು ಮಾಡಿ. ಪೈಪುಗಳ ಅತಿ ತಗ್ಗಿನ ಜಾಗದಲ್ಲಿ ಎರಡು ಬಿರಡೆ ಇರುತ್ತವೆ, ಬಿಸಿಗೊಂದು, ತಣ್ಣೀರಿಗೊಂದು. ಅವನ್ನು ತೆರೆದು, ಎಲ್ಲ ನಲ್ಲಿಗಳನ್ನೂ ತೆರೆಯಿರಿ. ಫಿಲ್ಟರಿನ ಕಾಟ್ರಿಜ್ ಹೊರತೆಗೆಯಿರಿ.

4. ಗೀಸರ್‌ನ ಬೈಪಾಸ್ ವಾಲ್ವ್ ತಿರುಗಿಸಿ. ಇದನ್ನು ಮರೆತರೆ ಗೀಸರ್ ತುಂಬಿಸಲಿಕ್ಕೇ 6 ಅಥವಾ 10 ಗ್ಯಾಲನ್ ಆ್ಯಂಟಿಫ್ರೀಜ್ ದಂಡವಾಗುತ್ತದೆ. ಬೈಪಾಸ್ ಮಾಡಿದರೆ ಹೆಚ್ಚಿನ ಟ್ರೇಲರ್‌ಗಳಿಗೆ 2ರಿಂದ 3 ಗ್ಯಾಲನ್, ಅಂದರೆ 8ರಿಂದ 11 ಲೀಟರ್ ಸಾಕು.

5. ಬಿರಡೆಗಳನ್ನೂ ನಲ್ಲಿಗಳನ್ನೂ ಮುಚ್ಚಿ. ಪಂಪಿನ ಹೀರುವ ಪೈಪನ್ನು ಆ್ಯಂಟಿಫ್ರೀಜ್ ಡಬ್ಬಕ್ಕೆ ಇಳಿಸಿ ಪಂಪು ಹಾಕಿ. ಹತ್ತಿರದ ನಲ್ಲಿಯಿಂದ ಶುರುಮಾಡಿ ಒಂದೊಂದನ್ನೇ ತೆರೆಯಿರಿ. ಬಿಸಿ, ತಣ್ಣೀರು ಎರಡರಲ್ಲೂ ಗುಲಾಬಿ ಬಣ್ಣ ಗಟ್ಟಿಯಾಗಿ ಬರುವವರೆಗೆ ಬಿಟ್ಟು ಮುಚ್ಚಿ. ಶವರ್, ಕಮೋಡ್, ಹೊರಗೋಡೆಯಲ್ಲಿರುವ ಶವರ್ ಯಾವುದನ್ನೂ ಬಿಡಬೇಡಿ. ಜನ ಹೆಚ್ಚಾಗಿ ಮರೆಯುವುದು ಹೊರಗಿನ ಶವರನ್ನೇ.

6. ಸಿಂಕ್ ಮತ್ತು ಸ್ನಾನದ ಮೂಲೆಯ ಕೆಳಗೆ ಬಾಗಿದ ಪೈಪಿನಲ್ಲಿ ಸದಾ ನೀರು ನಿಂತಿರುತ್ತದೆ. ಅಲ್ಲಿಗೂ ಒಂದೊಂದು ಲೋಟ ಆ್ಯಂಟಿಫ್ರೀಜ್ ಸುರಿಯಿರಿ.

ಕೆಲವರು ಆ್ಯಂಟಿಫ್ರೀಜ್ ಬದಲು ಕಂಪ್ರೆಸರ್ ಗಾಳಿಯಿಂದ ನೀರನ್ನು ಊದಿ ತೆಗೆಯುತ್ತಾರೆ. ಅದೂ ಸರಿಯಾದ ವಿಧಾನವೇ. ಆದರೆ ಒತ್ತಡವನ್ನು 40 ಪಿಎಸ್‌ಐ ಆಸುಪಾಸಿನಲ್ಲಿ ಇಡಬೇಕು. ನಮ್ಮ ಕಾರಿನ ಟೈರಿಗೆ ಹಾಕಿಸುವುದು 32–35 ಪಿಎಸ್‌ಐ, ಅದಕ್ಕಿಂತ ತುಸು ಹೆಚ್ಚು ಅಷ್ಟೇ. ಕಂಪ್ರೆಸರ್‌ಗಳು 100 ಪಿಎಸ್‌ಐ ದಾಟಬಲ್ಲವು. ನಿಯಂತ್ರಕ ಇಲ್ಲದೆ ಹಾಕಿದರೆ ಚಳಿ ಒಡೆಯಬೇಕಿದ್ದ ಜಾಯಿಂಟನ್ನು ನಾವೇ ಒಡೆದಂತಾಗುತ್ತದೆ. ಗಾಳಿ ಊದಿದರೂ ಬಾಗಿದ ಪೈಪುಗಳಿಗೆ ಆ್ಯಂಟಿಫ್ರೀಜ್ ಬೇಕೇ ಬೇಕು.

“ಒಳಗೆ ಒಲೆ ಹಚ್ಚಿಟ್ಟರೆ ಬೆಚ್ಚಗಿರುತ್ತದೆ” ಎಂಬುದು?

ಪೈಪು ಹೆಪ್ಪುಗಟ್ಟದಿರಲಿ ಎಂದು ಅಡುಗೆಯ ಗ್ಯಾಸ್ ಒಲೆ ಅಥವಾ ಇದ್ದಿಲಿನ ಗ್ರಿಲ್ ಹಚ್ಚಿಟ್ಟು ಮಲಗುವುದು ಸಾವನ್ನು ಕರೆದಂತೆ. ಮುಚ್ಚಿದ ಜಾಗದಲ್ಲಿ ಉರಿ ಕಾರ್ಬನ್ ಮೊನಾಕ್ಸೈಡ್ ಹುಟ್ಟಿಸುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೊಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ನಿದ್ದೆಯಲ್ಲಿರುವವರಿಗೆ ಎಚ್ಚರವೇ ಆಗುವುದಿಲ್ಲ. ನಮ್ಮಲ್ಲೂ ಚಳಿಗೆಂದು ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟುಕೊಂಡು ಮಲಗಿದವರು ಸತ್ತ ಸುದ್ದಿ ಬರುತ್ತಲೇ ಇರುತ್ತದೆ. ಟ್ರೇಲರ್ ಅಂಥ ಕೋಣೆಗಿಂತಲೂ ಚಿಕ್ಕದು.

ಚಳಿಗಾಲ ಮುಗಿದ ಮೇಲೆ ಏನು ಮಾಡಬೇಕು?

ಸರಿಯಾದ ಆ್ಯಂಟಿಫ್ರೀಜ್ ಹಾಕಿದ್ದರೂ ಮೊದಲು ಬರುವ ನೀರು ಕುಡಿಯಬಾರದು. ಬಣ್ಣ, ನೊರೆ, ರುಚಿ ಪೂರ್ತಿ ಹೋಗುವವರೆಗೆ ಎಲ್ಲ ನಲ್ಲಿಗಳಲ್ಲೂ ನೀರು ಬಿಡಬೇಕು. ಆಮೇಲೆ ಸೋಂಕು ತೆಗೆಯಬೇಕು. ಅಲ್ಲಿ ರೂಢಿಯಲ್ಲಿರುವ ಅಳತೆ, 15 ಗ್ಯಾಲನ್, ಅಂದರೆ ಸುಮಾರು 57 ಲೀಟರ್ ನೀರಿಗೆ ಕಾಲು ಕಪ್, ಅಂದರೆ 60 ಮಿಲಿಲೀಟರ್ ಪರಿಮಳವಿಲ್ಲದ ಮಾಮೂಲಿ ಬ್ಲೀಚ್. ಪೈಪುಗಳಿಗೆಲ್ಲ ಹರಿಸಿ ಕೆಲವು ಗಂಟೆ ಬಿಟ್ಟು, ಕ್ಲೋರಿನ್ ವಾಸನೆ ಹೋಗುವವರೆಗೆ ತೊಳೆಯಬೇಕು. ಬ್ಲೀಚ್ ಜೊತೆ ವಿನೆಗರ್ ಅಥವಾ ಟಾಯ್ಲೆಟ್ ಕ್ಲೀನರ್ ಬೆರೆಸಬೇಡಿ, ವಿಷಾನಿಲ ಬರುತ್ತದೆ.

ಚಳಿಗಾಲವಿಡೀ ಟ್ರೇಲರ್‌ನ ನಲ್ಲಿಗೆ ‘ಈ ನೀರು ಕುಡಿಯಬೇಡಿ’ ಎಂದು ಒಂದು ಚೀಟಿ ಕಟ್ಟಿ. ಊರಿಂದ ಬಂದ ಅಜ್ಜಿ, ತಾತನಿಗೆ ಓದಲು ಆಗುವಂತೆ ಕನ್ನಡದಲ್ಲೂ ಬರೆಯಿರಿ. ಕಾಸಿಲ್ಲದೆ ಆಗುವ ಕೆಲಸ, ಅನಾಹುತ ತಪ್ಪಿಸಬಲ್ಲದು.

ಯಾರಾದರೂ ಕುಡಿದುಬಿಟ್ಟರೆ?

ಲಕ್ಷಣ ಕಾಣಲಿ ಎಂದು ಕಾಯಬೇಡಿ. ಅಮೆರಿಕದಲ್ಲಿ ವಿಷ ಸಹಾಯವಾಣಿ 1-800-222-1222, ಕೆನಡಾದಲ್ಲಿ 1-844-764-7669. ಪ್ರಜ್ಞೆ ತಪ್ಪಿದ್ದರೆ, ಉಸಿರಾಟಕ್ಕೆ ಕಷ್ಟವಾಗುತ್ತಿದ್ದರೆ 911. ಬಲವಂತವಾಗಿ ವಾಂತಿ ಮಾಡಿಸಬೇಡಿ. ಡಬ್ಬವನ್ನು ಆಸ್ಪತ್ರೆಗೆ ಜೊತೆಯಲ್ಲೇ ಒಯ್ಯಿರಿ, ಯಾವ ಗ್ಲೈಕಾಲ್ ಎಂಬುದು ವೈದ್ಯರಿಗೆ ಕೂಡಲೇ ಗೊತ್ತಾಗಬೇಕು. ಎಥಿಲೀನ್ ಗ್ಲೈಕಾಲ್ ವಿಷವಾಗಿ ಬದಲಾಗುವುದನ್ನು ತಡೆಯುವ ಫೋಮೆಪಿಜೋಲ್ ಎಂಬ ಔಷಧ ಇದೆ. ಬೇಗ ಕೊಟ್ಟಷ್ಟೂ ಉಳಿಯುವ ಸಾಧ್ಯತೆ ಹೆಚ್ಚು.

ಫೋಮೆಪಿಜೋಲ್ ಇಲ್ಲದ ಕಡೆ ವೈದ್ಯರು ಎಥನಾಲ್ ಕೊಡುವುದೂ ಉಂಟು. ಇದನ್ನೇ ಹಿಡಿದು “ಸಾರಾಯಿ ಕುಡಿಸಿದರೆ ವಿಷ ಇಳಿಯುತ್ತದೆ” ಎಂದು ಫಾರ್ವರ್ಡ್ ಮಾಡಬೇಡಿ. ಅದು ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡುತ್ತಾ, ಅಳತೆಯಲ್ಲಿ ಕೊಡುವ ಚಿಕಿತ್ಸೆ. ಮನೆಯಲ್ಲಿ ಪ್ರಯತ್ನಿಸಿದರೆ ಕಳೆದುಕೊಳ್ಳುವುದು ಅಮೂಲ್ಯ ಸಮಯವನ್ನು.

ಫಾರ್ವರ್ಡ್ ಮಾಡುವ ಮುನ್ನ

ಪೈಪು ಒಡೆದರೆ ಪ್ಲಂಬರ್ ಸರಿಮಾಡುತ್ತಾನೆ. ಮೂತ್ರಪಿಂಡ ಕೆಟ್ಟರೆ ಹಾಗಲ್ಲ. ಹಾಗಾಗಿ ಈ ಲೇಖನದಲ್ಲಿ ಉಳಿದದ್ದೆಲ್ಲ ಮರೆತರೂ ಇಷ್ಟು ನೆನಪಿಡಿ:

• ಮೊದಲು ನೀರು ಪೂರ್ತಿ ತೆಗೆಯಬೇಕು, ಆಮೇಲೆ ಆ್ಯಂಟಿಫ್ರೀಜ್.
• ಕಾರಿನ ಕೂಲಂಟ್ ಕುಡಿಯುವ ನೀರಿನ ಪೈಪಿಗೆ ಬೇಡ.
• ಬಣ್ಣ ನಂಬಬೇಡಿ. ‘ಪ್ರೊಪಿಲೀನ್’ ಎಂಬ ಪದ ಹುಡುಕಿ. ‘ಎಥಿಲೀನ್’, ‘ಡೈಎಥಿಲೀನ್’ ಕಂಡರೆ ಡಬ್ಬ ಕೆಳಗಿಡಿ.
• ಆ್ಯಂಟಿಫ್ರೀಜ್ ಯಾವುದೇ ಇರಲಿ, ಮಕ್ಕಳು ಮತ್ತು ಸಾಕುಪ್ರಾಣಿಗಳ ಕೈಗೆ, ಬಾಯಿಗೆ ಸಿಗದಂತೆ ಇಡಿ.

ಅಮೆರಿಕ, ಕೆನಡಾದಲ್ಲಿ ಟ್ರೇಲರ್ ಇಟ್ಟುಕೊಂಡ ಬಂಧುಗಳೋ ಸ್ನೇಹಿತರೋ ನಿಮಗಿದ್ದರೆ, ಮೊದಲ ಚಳಿ ಬೀಳುವ ಮುಂಚೆ ಇದನ್ನು ಅವರಿಗೆ ಕಳುಹಿಸಿ.